ಚೆನ್ನಾಜಮ್ಮನ ಪ್ರಮೇಯ

‘ನಾಳೆಯೂ ಲೆಕ್ಕ ಅರ್ಧಕ್ಕೆ ಬಿಟ್ಟು ಬಂದ್ರೆ, ನಿಮ್ಮಪ್ಪನ್ನ ಕರ್ಕೊಂಡೇ ಕ್ಲಾಸಿಗೆ ಬಾ’ ಎಂದಿದ್ದರು ಪಿಯುಸಿಯ ಗಣಿತದ ಸರ್.

ಕ್ಯಾಲ್ಕುಲಸ್ ಹೇಗೋ ಮುಗಿಯಿತು. ವೆಕ್ಟರ್ ಲೆಕ್ಕ ಮಾತ್ರ ಮೂರು ಸಲ ಮಾಡಿದರೂ ಮೈನಸ್ ಹನ್ನೆರಡೇ ಬಂತು. ಪುಸ್ತಕದ ಹಿಂದಿದ್ದ ಉತ್ತರ ಪ್ಲಸ್ ಹನ್ನೆರಡು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೇಳಿದಳು: ‘ಅದ್ಯಾಕೆ ಹಂಗೆ ಪೆನ್ನು ಕಡೀತಿದ್ದೀಯೆ?’

‘ಮೈನಸ್ ಬರ್ತಿದೆ ಅಜ್ಜಿ.’

‘ಹಂಗಂದ್ರೆ?’

‘ಏನೂ ಇಲ್ಲ ಅನ್ನೋದಕ್ಕಿಂತ ಕಮ್ಮಿ.’

‘ಬಿಡ್ತು ಅನ್ನು! ಮನೇಲಿ ಅಕ್ಕಿ ಮುಗಿದ್ರೆ ಇಲ್ಲ ಅಂತೀವಾ? ಹೆಚ್ಚೈತೆ ಅಂತೀವಿ. ಹಂಗೇ ಬರಿ.’

ಹಾಗೇ ಬರೆದೆ. ಮೈನಸ್ಸಿಗೆ ಅಡ್ಡ ಒಂದು ಗೀಟೆಳೆದು ಪ್ಲಸ್ ಮಾಡಿದೆ. ಕಾರಣ ಕೊಡದಿದ್ದರೆ ಸರ್ ಬಿಡುವುದಿಲ್ಲ. ಅದಕ್ಕೇ ಪಕ್ಕದಲ್ಲಿ ‘ಚೆನ್ನಾಜಮ್ಮನ ಪ್ರಮೇಯದ ಪ್ರಕಾರ’ ಎಂದು ಸೇರಿಸಿದೆ. ಚೆನ್ನಾಜಮ್ಮ ಅಜ್ಜಿಯ ಹೆಸರು.

ಮರುದಿನ ಸರ್ ನನ್ನ ನೋಟ್‌ಬುಕ್ಕಿನ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ರೈಟ್ ಹಾಕಿದರು. ಬೋರ್ಡಿನ ಹತ್ತಿರ ಹೋಗಿ ಅದೇ ಲೆಕ್ಕವನ್ನು ಪೂರ್ತಿ ಬಿಡಿಸಿ, ಕೊನೆಯಲ್ಲಿ ಪ್ರಮೇಯದ ಹೆಸರು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು.

‘ಇದನ್ನ ಹೋದ ವರ್ಷವೇ ಹೇಳ್ಕೊಟ್ಟಿದ್ದೀನಿ. ಗೊತ್ತಿಲ್ದೇ ಇರೋರು ಎದ್ದು ನಿಂತ್ಕೊಳ್ಳಿ.’

ಅರವತ್ತು ಜನರಲ್ಲಿ ಎದ್ದು ನಿಂತವಳು ನಾನೊಬ್ಬಳೇ.