ಎರಡನೆಯ ಎದೆಬಡಿತ

"ಒಂದೇ ಮಗು. ತಲೆ ಕೆಳಗಿದೆ, ಒಳ್ಳೆ ದಷ್ಟಪುಷ್ಟವಾಗಿದೆ" ಎಂದು ದೊಡ್ಡಕ್ಕ ಗರ್ಭಿಣಿಯ ಹೊಟ್ಟೆಯ ಮೇಲಿಂದ ಕೈ ತೆಗೆದಳು. ಆ ಹೆರಿಗೆ ಕೇಂದ್ರದಲ್ಲಿ ಮೂವತ್ತೊಂದು ವರ್ಷದಿಂದ ದಾದಿಯಾಗಿದ್ದವಳನ್ನು ಎಲ್ಲರೂ ಕರೆಯುತ್ತಿದ್ದುದು ಹಾಗೆಯೇ. "ಇನ್ನು ಆ ರೂಮಿಗೆ ಹೋಗಿ ಮಲ್ಕೋ. ಹೊಸ ನಿಯಮವಂತೆ, ಎಲ್ರಿಗೂ ಸ್ಕ್ಯಾನ್ ಆಗ್ಬೇಕಂತೆ. ಅಂಗೈ ಹುಣ್ಣಿಗೆ ಕನ್ನಡಿ."

ಸ್ಕ್ಯಾನ್ ಯಂತ್ರ ಬಂದು ನಾಲ್ಕು ದಿನವಾಗಿತ್ತು. ಮೊದಲಾದರೆ ಅದಕ್ಕೆ ಎರಡು ಬಸ್ಸು ಬದಲಿಸಿ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಹೆಚ್ಚಿನವರು ಹೋಗುತ್ತಲೇ ಇರಲಿಲ್ಲ. ದೊಡ್ಡಕ್ಕ ಹೇಳಿದ್ದೇ ವೇದವಾಕ್ಯ. ಯಂತ್ರಕ್ಕೆ ಜಾಗ ಮಾಡಲು ತನ್ನ ಬೀರುವನ್ನು ಮೊಗಸಾಲೆಗೆ ದಬ್ಬಿದ ದಿನ ಅವಳು, "ಟೀವಿ ನೋಡಿ ಹೆರಿಗೆ ಮಾಡ್ಸೋ ಕಾಲ ಬಂತು" ಎಂದು ಎಲ್ಲರನ್ನೂ ನಗಿಸಿದ್ದಳು.

"ದೊಡ್ಡಕ್ಕ, ಸ್ವಲ್ಪ ಬರ್ತೀರಾ?" ಒಳಗಿನಿಂದ ಎಳೆಯ ವಯಸ್ಸಿನ ಡಾಕ್ಟರಮ್ಮ ಕರೆದಳು. ಹೋದರೆ, ತಗ್ಗಿದ ದನಿಯಲ್ಲಿ ಹೇಳಿದಳು, "ಎರಡಿವೆ. ಹಿಂದಿರೋದು ತುಂಬ ಸಣ್ಣದು. ಹೆರಿಗೆ ದೊಡ್ಡಾಸ್ಪತ್ರೇಲೇ ಆಗ್ಬೇಕು."

ಪರದೆಯ ಬೂದು ಮಬ್ಬಿನಲ್ಲಿ ಎರಡು ಕಡೆ ಮಿಣುಕು ಮಿಣುಕಾಗಿ ಏನೋ ಮಿಡಿಯುತ್ತಿತ್ತು. ಯಂತ್ರ ಕೆಟ್ಟಿರಬೇಕು ಎನ್ನಲು ದೊಡ್ಡಕ್ಕ ಬಾಯಿ ತೆರೆದಳು. ನಾಲ್ಕು ದಿನದ ಯಂತ್ರ ಅಷ್ಟು ಬೇಗ ಕೆಡುವುದಿಲ್ಲ, ಮೂವತ್ತೊಂದು ವರ್ಷದ ದಾದಿ ಕೆಟ್ಟಿರಬಹುದು ಎಂದು ಹೊಳೆದು ಮುಚ್ಚಿದಳು. ಆಮೇಲೆ ನೆನಪಾದದ್ದು ನಗುವಂಥದ್ದಲ್ಲ. ಹಿಂದೊಮ್ಮೆ ಒಂದು ಹೆರಿಗೆಯಲ್ಲಿ, ಎಲ್ಲ ಮುಗಿಯಿತೆಂದು ಅವಳು ಕೈ ತೊಳೆಯುತ್ತಿದ್ದಾಗ ಎರಡನೆಯದು ಬಂದಿತ್ತು. ಆ ಮಗು ಅಳಲೇ ಇಲ್ಲ. ಹಣೆಬರಹ ಎಂದು ಆ ತಾಯಿಯನ್ನು ಸಮಾಧಾನಪಡಿಸಿದವಳು ತಾನೇ.

"ನೀವು ಒಂದೇ ಅಂದ್ರಲ್ಲ ದೊಡ್ಡಕ್ಕ?" ಮಲಗಿದ್ದ ಗರ್ಭಿಣಿ ಕೇಳಿದಳು. ರವಿಕೆ ಹೊಲಿದು ಬದುಕುತ್ತಿದ್ದ ಹೆಂಗಸು, ಏಳು ತಿಂಗಳು.

"ಅಂದೆ ಕಣಮ್ಮ. ತಪ್ಪಂದೆ."

"ಅಷ್ಟು ದೂರ ನಾನೊಬ್ಳೇ ಹೋಗ್ಬೇಕಾ? ನಮ್ಮನೆಯವ್ರು ಯಾವಾಗ್ಲೂ ಲಾರಿ ಮೇಲೇ ಇರ್ತಾರೆ."

"ನಾನು ಬರ್ತೀನಿ. ಇಲ್ಲಿ ಜಂಬ ಕೊಚ್ಕೊಂಡು ಕೂತಿರೋದಕ್ಕಿಂತ ಅದು ವಾಸಿ."

ಐದು ವಾರ ಕಳೆದು, ರಜೆ ಹಾಕಿದ ದೊಡ್ಡಕ್ಕ ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆ ಕೋಣೆಯ ಹೊರಗೆ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ಬಾಗಿಲಾಚೆ ಹೋಗಲು ಅವಳಿಗೂ ಅಪ್ಪಣೆ ಇರಲಿಲ್ಲ. ಉಳಿದ ಹೆಂಗಸರಂತೆ ಅವಳೂ ಸೆರಗಿನ ತುದಿ ಹಿಂಡುತ್ತಿದ್ದಳು. ಒಂದು ಗಟ್ಟಿ ಅಳು ಕೇಳಿತು. ಅವಳು ಬಾಗಿಲಿನತ್ತ ಕಿವಿಗೊಟ್ಟಳು. ಎಷ್ಟೋ ಹೊತ್ತಿನ ಮೇಲೆ ಇನ್ನೊಂದು, ಬೆಕ್ಕಿನ ಮರಿಯ ದನಿಯಷ್ಟು.

ಅಲ್ಲಿನ ನರ್ಸು ಎರಡು ಬಟ್ಟೆಯ ಸುರುಳಿಗಳನ್ನು ಹೊತ್ತು ಹೊರಬಂದಳು. "ತಾಯಿಗೆ ನೀವೇನಾಗ್ಬೇಕು? ಅತ್ತೆನಾ?"

"ಅಲ್ಲಮ್ಮ" ಎಂದು ದೊಡ್ಡಕ್ಕ ಎದ್ದು ನಿಂತಳು. "ಈ ಸಣ್ಣದು ಇಲ್ಲವೇ ಇಲ್ಲ ಅಂದಿದ್ದವಳು. ಒಂದ್ಸಲ ಎತ್ಕೊಳ್ಲಾ?"