ತ್ರಾಸಿ ಟೈಗರ್‌ನ ತಂಡ

"ಹ್ವಾಯ್, ಉಂಬುಕೆ ಬತ್ರಿಯಾ?" ರತ್ನ ಮೂರನೇ ಸಲ ಕರೆದಳು. ಜಗಲಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ ಗಂಡ ಸುಧಾಕರ ಮೊಬೈಲಿನ ಗುಂಡಿನಾಟದಿಂದ ಕಣ್ಣೆತ್ತಲಿಲ್ಲ. "ಹಿಂದಿಂದ ಬತ್ತಿದ್ದ, ಹೊಡಿ ಮಾರಾಯಾ, ಹೊಡಿ!" ಎಂದು ದಾವಣಗೆರೆಯಲ್ಲೋ ಕೋಲಾರದಲ್ಲೋ ಕೂತ ಯಾರಿಗೋ ಕೂಗಿ, ಬಿದ್ದು ಬಿದ್ದು ನಕ್ಕ. ಬಡಿಸಿಟ್ಟ ಗಂಜಿ ಆರಿಹೋಯಿತು.

ವರ್ಷವಿಡೀ ಬೋಟು, ಕಡಲು ಎಂದು ಇರುವ ಮನುಷ್ಯ. ಮಳೆಗಾಲದಲ್ಲಿ ಮೀನುಗಾರಿಕೆ ಬಂದ್ ಆದಾಗ ಮಾತ್ರ ಎರಡು ತಿಂಗಳು ಮನೆಯಲ್ಲಿ ಕಾಣಸಿಗುತ್ತಾನೆ. ಮದುವೆಯಾದ ಮೇಲಿನ ಮೊದಲ ಮಳೆಗಾಲವನ್ನು ಪೇಟೆಯ ಬಾರು ನುಂಗಿ ನೀರು ಕುಡಿದಿತ್ತು. ಈ ಸಲದ್ದಾದರೂ ತನಗೆ ಸಿಕ್ಕೀತು ಎಂದು ರತ್ನ ಏನೆಲ್ಲ ಆಸೆ ಕಟ್ಟಿಕೊಂಡಿದ್ದಳು! ಸಿಕ್ಕಿದ್ದು ಅವನ ಬೆನ್ನು.

ಅತ್ತೆ ಜಲಜಳ ಹತ್ತಿರ ಹೇಳಿ ನೋಡಿದಳು. ಅತ್ತೆ ಒಣಮೀನು ಹಸನು ಮಾಡುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಸುಮ್ನಿರ್ ಹೆಣೆ. ಆ ಆಟ ಹಿಡ್ದ್ ಮೇಲೆ ಅವ ಒಂದ್ ದಿನ ಕುಡ್ಕಂಡ್ ಬಂದ್ನಾ? ಆ ಮೊಬೈಲಿಗೊಂದ್ ಕೈ ಮುಗಿ."

ಹೌದಲ್ಲ! ಕುಡಿತ ಬಿಟ್ಟ ಗಂಡನ ಮೇಲೆ ಯಾವ ಬಾಯಲ್ಲಿ ದೂರು ಹೇಳುವುದು? ಕೈನಡುಕ ನಿಂತಿದೆ, ಮುಖಕ್ಕೆ ಕಳೆ ಬಂದಿದೆ, ಮನೆಯಲ್ಲಿ ನಗು ಕೇಳುತ್ತದೆ. ಆ ನಗುವಿನಲ್ಲಿ ಅವಳಿಗೆ ಪಾಲಿಲ್ಲ, ಅಷ್ಟೇ. ರತ್ನ ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದಳು.

ಆಮೇಲೆ ಅವಳಿಗೆ ಹಟ ಬಂತು. ಕಾಲೇಜಿಗೆ ಹೋಗುವ ನಾದಿನಿ ಮೋಕ್ಷಿತಾಳನ್ನು ಹಿಡಿದು ಆಟ ಕಲಿಸು ಎಂದಳು. "ಅಣ್ಣಂದ್ ಆಯ್ತ್, ಈಗ ನಿಮ್ಗೂ ಹಿಡಿತಾ ಅತ್ಗಿ ಹುಚ್ಚ್?" ಎಂದು ಮೋಕ್ಷಿತಾ ನಕ್ಕಳು, ಆದರೂ ಕಲಿಸಿಕೊಟ್ಟಳು. ಆಟದೊಳಗೆ ಹೋಗಲು ಒಂದು ಹೆಸರು ಬೇಕಂತೆ. ರತ್ನಳ ತವರು ಹೆಮ್ಮಾಡಿ, ಸೇವಂತಿಗೆ ಬೆಳೆಯುವ ಮನೆ. 'ಹೆಮ್ಮಾಡಿ ಸೇವಂತಿಗೆ' ಎಂದೇ ಇಟ್ಟುಕೊಂಡಳು. ಆ ಹೆಸರು ನೋಡಿಯೇ ಗಂಡ ಗುರುತು ಹಿಡಿದಾನು, ಎದ್ದು ಒಳಗೆ ಬಂದಾನು ಎಂಬ ಆಸೆ ಅವಳದ್ದು.

ಮಾರನೆಯ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಅಡುಗೆಮನೆಯ ಮಣೆಯ ಮೇಲೆ ಕೂತು, ತನ್ನ ಮೊಬೈಲಿನ ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಊರಿನ ಹೆಸರು ಸೇರಿಸಿ ಆಟದಲ್ಲಿ 'ತ್ರಾಸಿ ಟೈಗರ್' ಆಗಿದ್ದ ಗಂಡನಿಗೆ ತಂಡಕ್ಕೆ ಸೇರಿಸಿಕೊಳ್ಳುವಂತೆ ಕೋರಿಕೆ ಕಳಿಸಿದಳು. ಟೈಗರ್ ಸೇರಿಸಿಕೊಂಡ. ಗುರುತು ಹಿಡಿಯಲಿಲ್ಲ. ದನಿ ಕೇಳಿ ಅಲ್ಲ, ಹೆಸರು ನೋಡಿಯೇ ಹಿಡಿಯಲಿ ಎಂದು ಅವಳು ಮೈಕ್ ಮುಚ್ಚಿಟ್ಟಿದ್ದಳು. ಆಟದ ರಣರಂಗಕ್ಕೆ ಇಳಿದ ಸ್ವಲ್ಪ ಹೊತ್ತಿಗೇ ಯಾರೋ ಗುಂಡು ಹೊಡೆದು ಅವಳನ್ನು ಕೆಡವಿದರು.

"ಸೇವಂತಿಗೆಯವ್ರೇ, ಹೆದರ್ಬೇಡಿ! ನಾನ್ ಬಂದೆ, ನಾನಿದ್ದೆ!"

ಗುಂಡಿನ ಮಳೆಯಲ್ಲಿ ಓಡಿಬಂದು ಅವಳನ್ನು ಎಬ್ಬಿಸಿದ. ತನ್ನ ಔಷಧಿಯ ಪೆಟ್ಟಿಗೆ ಕೊಟ್ಟ. ತನ್ನ ಹಿಂದೆಯೇ ಇರಿ, ಎಲ್ಲೂ ಹೋಗಬೇಡಿ ಎಂದ. ಇಷ್ಟು ಮೆತ್ತಗಿನ ದನಿ ಗಂಡನಲ್ಲಿ ಇದೆಯೆಂದೇ ರತ್ನಳಿಗೆ ಗೊತ್ತಿರಲಿಲ್ಲ. ಅವಳಿಗೆ ಸಂತೋಷವಾಯಿತು; ಹೊಟ್ಟೆಯೂ ಉರಿಯಿತು.

ಆಟ ಮುಗಿಯಿತು. ಗೆದ್ದಿದ್ದರು. ತಂಡದ ಉಳಿದಿಬ್ಬರು ಹೊರಟುಹೋದರು.

"ಲಾಯ್ಕ್ ಆಡಿದ್ರಿ. ಆದ್ರೆ ನೀವ್ ಎಂತಕೆ ಮಾತೇ ಆಡುದಿಲ್ಲ?" ಅವನು ಕೇಳಿದ.

ಅವಳು ಬರೆದಳು: 'ಮಾತಾಡಿ ಅಭ್ಯಾಸವೇ ಹೋಗಿದೆ.'

"ಅದೆಂತ ಹಾಂಗೆ? ಮನಿಯಗೆ ನಿಮ್ಮ ಹತ್ರ ಮಾತಾಡೂಕೆ ಯಾರೂ ಇಲ್ಯಾ?"

ರತ್ನ ತಲೆಯೆತ್ತಿದಳು. ಬಾಗಿಲಾಚೆ ಜಗಲಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಅದನ್ನು ನೋಡುತ್ತಲೇ 'ಇಲ್ಲ' ಎಂದು ಒತ್ತಿದಳು.

"ಅಯ್ಯೋ, ಪಾಪ!" ಎಂಬ ಮಾತು ಅವಳಿಗೆ ಎರಡು ಕಡೆಯಿಂದ ಕೇಳಿಸಿತು: ಒಮ್ಮೆ ಜಗಲಿಯಿಂದ, ಒಮ್ಮೆ ಕಿವಿಯೊಳಗಿನಿಂದ.