ಹೊಸ್ತಿಲು ರಸ್ತೆಗೆ ಬಂತು

"ಲೇ ಬಂಡೆಪ್ಪ, ಗೇಟು ತೆಗಿಯೋ! ಕಣ್ಣು ಕಾಣಂಗಿಲ್ಲೇನು?"

ವಕೀಲ ಗುರುಲಿಂಗ ಗೇಟಿಗೆ ತಾಗಿ ನಿಂತ ಆಟೋದಿಂದ ಅರ್ಧ ಹೊರಗೆ ಬಾಗಿ ಕೂಗಿದ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಹೋಗಿದ್ದ ಅವನ ತಾಯಿ ಮಾಣಿಕಮ್ಮ ಮೆಟ್ಟಿಲಿಂದ ಜಾರಿ ಬಿದ್ದಿದ್ದಳು. ಈಗ ಆಟೋದಲ್ಲಿ ಅವನ ತೊಡೆಯ ಮೇಲಿದ್ದ ಅವಳ ತಲೆಗೆ ಸುತ್ತಿದ್ದ ಟವೆಲ್ಲು ಆಗಲೇ ಕೆಂಪಾಗಿತ್ತು. ಎದುರಿಗೇ ಹುಮನಾಬಾದಿನ ದೊಡ್ಡ ಖಾಸಗಿ ಆಸ್ಪತ್ರೆ. ನಡುವೆ, ಹೆದ್ದಾರಿಯ ಅಂಚಿನಲ್ಲೇ, ಬೀಗ ಹಾಕಿದ ಕಬ್ಬಿಣದ ಗೇಟು. ಗೇಟಿನ ಒಳಗೆ ಕಾವಲುಗಾರ ಬಂಡೆಪ್ಪ.

"ತೆಗಿಲಾಕ ಬರಂಗಿಲ್ರಿ ಸಾಹೇಬ್ರೆ. ಡಾಕ್ಟರ್ ಸಾಹೇಬ್ರು ಬಂದು ನೋಡಿ ಹೂಂ ಅನ್ನೂತನಕ ಯಾರನ್ನೂ ಒಳಗ ಬಿಡಂಗಿಲ್ಲ. ಫೋನ್ ಮಾಡೀನ್ರಿ, ಬರಾಕತ್ತಾರ."

ಈ ಗೇಟಿನ ಕಥೆ ಗುರುಲಿಂಗನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಹೋದ ವರ್ಷ ಹೈಕೋರ್ಟು ತೀರ್ಪು ಕೊಟ್ಟಿತ್ತು. ಜೀವಕ್ಕೆ ಅಪಾಯವಾಗಿ ಆಸ್ಪತ್ರೆಗೆ ಬಂದವರಿಗೆ ಮೊದಲು ಚಿಕಿತ್ಸೆ, ಉಳಿದದ್ದೆಲ್ಲ ಆಮೇಲೆ. ಬಂದವರನ್ನು ಹಿಂದಕ್ಕೆ ಕಳಿಸಿದರೆ, ಇಲ್ಲವೇ ಒಳಗಿದ್ದವರು ಚಿಕಿತ್ಸೆ ಸಾಲದೆ ಸತ್ತರೆ, ಪರವಾನಗಿಯೇ ರದ್ದು. ಬಸವಕಲ್ಯಾಣದಿಂದ ಚಿಟಗುಪ್ಪದವರೆಗೆ ಜನ ಪೇಡೆ ಹಂಚಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಪಾಪ, ಅವರಿಗೆ ಮರೆತೇಹೋಗಿತ್ತು. ಬೆದರಿದ ಡಾಕ್ಟರ್ ಶಂಕರಲಿಂಗ ತನ್ನ ಆಸ್ಪತ್ರೆಯ ವಕೀಲ ಗುರುಲಿಂಗನ ಮನೆಗೆ ಓಡಿಬಂದ. ಯಾರಾದರೂ ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಗಿರಾಕಿ ಗುರುಲಿಂಗ. ಚಹಾ ಆರುವುದರೊಳಗೆ ಉಪಾಯ ಹೇಳಿಬಿಟ್ಟ.

"ಹೊಸ್ತಿಲು ದಾಟಿದ್ರ ರೋಗಿ, ದಾಟದಿದ್ರ ದಾರಿಹೋಕ. ನೀವು ಹೊಸ್ತಿಲಾನೇ ರಸ್ತಾಕ್ಕ ತಂದು ಹಾಕ್ರಿ. ಹೆಚ್ಚುಕಡಿಮಿ ಆಗೋ ಕೇಸು ಅಂತ ಅನಿಸಿದ್ರ ಅಲ್ಲಿಂದಲೇ ಸಾಗಹಾಕ್ರಿ."

ಹೊಸ ಗೇಟಿಗೆ ಪೂಜೆಯೂ ಆಯಿತು. ಕಾಯಿ ಒಡೆದವನು ಗುರುಲಿಂಗನೇ. ಶಾಲು ಹೊದಿಸಿಕೊಂಡು, ಹಲ್ಲು ಕಿಸಿದು ಫೋಟೋಕ್ಕೆ ನಿಂತವನೂ ಅವನೇ. ಮುಂದೆ ನಿರ್ಣಾ ಹಳ್ಳಿಯಿಂದ ಹಾವು ಕಚ್ಚಿಸಿಕೊಂಡು ಬಂದ ಗಿರಿಜಾಬಾಯಿ ಎಂಬ ಕೂಲಿ ಹೆಂಗಸು ಇದೇ ಗೇಟಿನ ಹೊರಗೆ ಕಣ್ಣು ಮುಚ್ಚಿದಳು. 'ಆಕೆ ಸತ್ತದ್ದು ರಸ್ತೆಯಲ್ಲಿ, ಆಸ್ಪತ್ರೆಯಲ್ಲಲ್ಲ' ಎಂದು ಗುರುಲಿಂಗ ಪೊಲೀಸರ ಮುಂದೆ ಕಾನೂನು ಉದುರಿಸಿ, ಕೇಸೇ ಆಗದಂತೆ ನೋಡಿಕೊಂಡು, ಮನೆಗೆ ಬಂದು ಹೊಟ್ಟೆ ತುಂಬ ಉಂಡ. ಅಂದು ಬಿಸಿ ರೊಟ್ಟಿ ಬಡಿದು ಹಾಕಿದ್ದು ಇದೇ ಮಾಣಿಕಮ್ಮ, ಏನೂ ಅರಿಯದ ಜೀವ. ಮರುಕ ಬರುವುದಾದರೆ ಅವಳ ಮೇಲೆ ಬರಬೇಕು, ಮಗನ ಮೇಲಲ್ಲ.

"ಗುರು," ಮಾಣಿಕಮ್ಮ ಮಗನ ತೊಡೆಯ ಮೇಲಿನಿಂದ ಕಣ್ಣು ತೆರೆಯದೆ ಕೇಳಿದಳು, "ಯಾಕಪ್ಪಾ, ಇಲ್ಲೇ ನಿಂತೀವಿ?"

ಗುರುಲಿಂಗ ಅವಳ ತಲೆಯ ಟವೆಲ್ಲನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದ. ಅಷ್ಟರಲ್ಲಿ ಡಾಕ್ಟರ್ ಶಂಕರಲಿಂಗ ಬಂದ. ಗೇಟಿನ ಸರಳುಗಳ ನಡುವಿನಿಂದಲೇ ಕೈ ಚಾಚಿ ಮಾಣಿಕಮ್ಮನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದ. ಅವನ ಮುಖ ಇಳಿಯಿತು.

"ತಲಿಯೊಳಗ ರಕ್ತ ಇಳದಂಗ ಕಾಣ್ತದ್ರಿ. ಲಗೂನ ಬೀದರಕ್ಕ ಒಯ್ರಿ."

"ಬೀದರದ ತನಕ ಉಳಿತಾಳೇನ್ರಿ? ಒಳಗ ತಗೊಂಡು ಏನರೆ ಮಾಡ್ರಿ ಮೊದಲ!"

"ಒಳಗ ತಗೊಂಡ ಮ್ಯಾಲ ಏನರೆ ಆತಂದ್ರ ನನ್ನ ಲೈಸೆನ್ಸು ಹೋಗ್ತದ. ನೀವೇ ಬಿಡಿಸಿ ಹೇಳಿದ್ರಿ."

ಗುರುಲಿಂಗ ತಾಯಿಯ ತಲೆಯನ್ನು ಸೀಟಿನ ಮೇಲೆ ಮೆಲ್ಲಗೆ ಇಳಿಸಿ, ಕೆಳಗೆ ಹಾರಿ, ಗೇಟನ್ನು ಎರಡೂ ಕೈಯಿಂದ ಹಿಡಿದು ಜಗ್ಗಾಡಿದ. ಅವನೇ ಹೇಳಿ ಮಾಡಿಸಿದ ಗಟ್ಟಿ ಗೇಟು, ಜಪ್ಪೆನ್ನಲಿಲ್ಲ.

"ಹೈಕೋರ್ಟ್ ತೀರ್ಪು ಅದ ಶಂಕರಲಿಂಗ! ಸುಮ್ಮ ಬಿಡಂಗಿಲ್ಲ, ನಿನ್ನ ಕೋರ್ಟಿಗೆ ಎಳಿತೀನಿ!"

ಡಾಕ್ಟರು ಸಿಟ್ಟಿಗೇಳಲಿಲ್ಲ. ನಿಜವಾಗಿಯೂ ದಿಕ್ಕು ತೋಚದವನ ಹಾಗೆ ಕೇಳಿದ:

"ಎಳೀರಿ ಸಾಹೇಬ್ರೆ, ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ವಕೀಲ್ರು ನೀವೇ ಅದೀರಲ್ರಿ?"